ಆನಂದ ಕೊಟ್ಟ ದಾಳಿಂಬೆ

೨೪ ಅಕ್ಟೋಬರ್ ೨೦೦೮, ಶುಕ್ರವಾರ

ಷೇರುಪೇಟೆ ಇಂದೂ ಕುಸಿಯಿತು. ನಿವೃತ್ತಿಗೆಂದು ಕೂಡಿಟ್ಟದ್ದು ಅರ್ಧಕ್ಕಿಳಿದಿದೆ. ಮಾರ್ಚಿಗೆ ನನ್ನ ಕೆಲಸ ಮುಗಿಯುತ್ತದೆ.

ಸಹೋದ್ಯೋಗಿ ಆನಂದನೂ ನಾನೂ ಒಟ್ಟಿಗೇ ಪಿಂಚಣಿ ಯೋಜನೆಗೆ ಸೇರಿದವರು. ಅವನು ಷೇರು ಆರಿಸಿಕೊಂಡ, ನಾನು ನಿಗದಿತ ಬಡ್ಡಿ. ಪ್ರತಿ ವರ್ಷವೂ ಅವನ ಗಳಿಕೆಯ ಮುಂದೆ ನನ್ನದನ್ನಿಟ್ಟು ನೋಡಿ ಹೊಟ್ಟೆ ಉರಿಯುತ್ತಿತ್ತು. ಕಳೆದ ಡಿಸೆಂಬರಿನಲ್ಲಿ ತಡೆಯಲಾಗದೆ ಎಲ್ಲವನ್ನೂ ಷೇರಿಗೆ ಬದಲಾಯಿಸಿದೆ.

ಸಂಜೆ ರಸೆಲ್ ಮಾರುಕಟ್ಟೆಯಲ್ಲಿ ಸಿಕ್ಕ ಆನಂದ ನನ್ನ ಕೈ ಹಿಡಿದುಕೊಂಡ. "ನೀನೇ ಬುದ್ಧಿವಂತ ಗುರು. ವಯಸ್ಸಾಯ್ತಲ್ಲ ಅಂತ ಹೋದ್ವರ್ಷ ನಾನೂ ನಿನ್ ಥರಾನೇ ಬಡ್ಡಿಗೆ ಹಾಕ್ಬಿಟ್ಟೆ. ನಿನ್ನಿಂದ ಬಚಾವಾದೆ ಮಗಾ!" ಬೇಡವೆಂದರೂ ಒಂದು ಚೀಲ ದಾಳಿಂಬೆ ಕೊಡಿಸಿದ.

ಹೆಂಡತಿ ಅಣ್ಣಮ್ಮನಿಗೆ ಇನ್ನೂ ಏನೂ ಗೊತ್ತಿಲ್ಲ. ಹಣ್ಣು ಬಿಡಿಸುತ್ತ ಕೇಳಿದಳು, "ಯಾಕ್ರೀ, ಆನಂದಣ್ಣ ಇಷ್ಟೊಂದು ಕೊಟ್ಟವ್ರೆ?"

"ಒಳ್ಳೆಯವನು" ಎಂದೆ. ನಾಳೆಯಾದರೂ ಅವಳಿಗೆ ಎಲ್ಲವನ್ನೂ ಹೇಳಬೇಕು.