ಸೊಟ್ಟ ಚೌಕ

ಮಾರ್ಚ್ ೪, ಸೋಮವಾರ

ಪ್ಯಾಕಿಂಗ್ ಬಿಟ್ಟು ಫ್ಯಾಕ್ಟರಿ ಲ್ಯಾಬಿಗೆ ಬಂದಾಗಿನಿಂದ ಇದೇ ಹಣೆಬರಹ, ಇವತ್ತೂ ಅದೇ. ಅದೇ ಸ್ಕ್ಯಾನರ್, ಅದೇ ಟೆಸ್ಟ್ ಚಾರ್ಟ್, ಅದೇ ಕೈ — ಸ್ಕ್ಯಾನ್ ಎಷ್ಟು ಸ್ಪಷ್ಟ ಅಂತ ಹೇಳುವ ಶಾರ್ಪ್‌ನೆಸ್ ನಂಬರ್ ಮಾತ್ರ ಒಮ್ಮೆ ೬೨, ಒಮ್ಮೆ ೮೦, ಆಮೇಲೆ ೫೫. ಗಾಜು ಒರೆಸಿದೆ. ಮತ್ತೆ ಒರೆಸಿದೆ. ಉಸಿರು ತಾಗೀತೆಂದು ಬಾಯಿಗೆ ಕರ್ಚೀಫು.

ಲ್ಯಾಬ್ ಇನ್‌ಚಾರ್ಜ್ ಸರ್ ಹೇಳಿಯೇಬಿಟ್ಟರು: "ಶುಕ್ರವಾರದೊಳಗೆ ನಂಬರ್ ಒಂದೇ ಸಮ ಬರ್ಬೇಕಮ್ಮ. ಇಲ್ಲಾಂದ್ರೆ ವಾಪಸ್ ಪ್ಯಾಕಿಂಗ್‌ಗೆ."

ಚಾರ್ಟಿನ ಕಪ್ಪು ಚೌಕ ಕೊಂಚ ಸೊಟ್ಟ ಅಚ್ಚಾಗಿದೆ. ಯಾರಿಗೂ ಹೇಳಿಲ್ಲ. ಹೇಳಿದರೆ ನಾನೇ ಹಾಳು ಮಾಡಿದೆ ಎಂದಾರು. ಪ್ರತಿಸಲ ಚಾರ್ಟನ್ನೇ ತುಸು ತಿರುಗಿಸಿ ಚೌಕ ನೆಟ್ಟಗೆ ಮಾಡಿಕೊಳ್ಳುತ್ತೇನೆ.

ಮಾರ್ಚ್ ೫

ಪ್ಯಾಕಿಂಗಿನಿಂದ ನಾದಿನಿ ಇಣುಕಿದಳು. "ಅತ್ತಿಗೆ, ನಿಮ್ಮ ಹಳೇ ಸ್ಟೂಲ್ ಒರೆಸಿಟ್ಟಿದ್ದೀನಿ!" ನಕ್ಕಳು. ನಾನೂ ನಕ್ಕೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಲ್ಯಾಬ್ ಯಾಕೆ ಬೇಕಿತ್ತು... ಸ್ಕೇಲು ಹಿಡಿದು ಚೌಕ ಇನ್ನೂ ನೆಟ್ಟಗಿಟ್ಟೆ. ನಂಬರ್ ಇನ್ನೂ ಕೆಟ್ಟಿತು.

ಮಾರ್ಚ್ ೭, ಗುರುವಾರ

ನಿನ್ನೆ ಬರೆಯುವ ಮನಸ್ಸೇ ಇರಲಿಲ್ಲ.

ಇವತ್ತು ಸರ್ ಬೆನ್ನ ಹಿಂದೆಯೇ ಬಂದು ನಿಂತರು. "ಅದ್ಯಾಕೆ ಚಾರ್ಟ್ ತಿರುಗಿಸ್ತಿದ್ದೀಯಾ?"

ಸಿಕ್ಕಿಬಿದ್ದೆ. "ಚೌಕ ಸೊಟ್ಟ ಪ್ರಿಂಟ್ ಆಗಿದೆ ಸರ್... ನಾನು ಮಾಡಿದ್ದಲ್ಲ, ಬಂದಾಗ್ಲೇ ಹಾಗಿತ್ತು."

ಸರ್ ಕುರ್ಚಿ ಹಿಡಿದುಕೊಂಡು ನಕ್ಕರು. "ಅಯ್ಯೋ ತಾಯಿ! ಬೇಕೂಂತ್ಲೇ ಸೊಟ್ಟ ಮಾಡಿರೋದು. ಚೌಕದ ಅಂಚು ನೆಟ್ಟಗಿದ್ರೆ ಸ್ಕ್ಯಾನರ್ ಕಣ್ಣಿನ ಸೆನ್ಸರ್ ಚುಕ್ಕಿಗಳ ಮೇಲೆ ಎಲ್ಲಿ ಬೀಳತ್ತೋ ದೇವರಿಗೇ ಗೊತ್ತು. ಪ್ರತಿಸಲ ಬೇರೆ ನಂಬರ್. ಓರೆಯಾಗಿದ್ರೆ ಚುಕ್ಕಿಗಳ ಮೇಲೆ ಎಲ್ಲಾ ಥರಾನೂ ಬೀಳತ್ತೆ, ಸರಾಸರಿ ಸಿಕ್ಕಿ ನಂಬರ್ ಒಂದೇ ಕಡೆ ನಿಲ್ಲತ್ತೆ. ನಾನೇ ಹೇಳ್ಬೇಕಿತ್ತು ಬಿಡು."

ಚಾರ್ಟನ್ನು ಗಾಜಿನ ಅಂಚಿಗೆ ತಾಗಿಸಿ, ಚೌಕವನ್ನು ಅದರ ಪಾಡಿಗೆ ಬಿಟ್ಟೆ. ಕೈ ಸುಮ್ಮನಿರದು — ಕಟ್ಟಿಕೊಂಡು ನಿಂತೆ. ೭೧. ತೆಗೆದು ಮತ್ತೆ ಇಟ್ಟೆ. ೭೧. "ಇನ್ನೊಂದ್ಸಲ!" ಎಂದದ್ದು ಸರ್ ಅಲ್ಲ, ನಾನು. ೭೧.

ಆದರೂ... ನಾಳೆ ಕೈಕೊಟ್ಟರೆ?

ಮಾರ್ಚ್ ೮, ಶುಕ್ರವಾರ. ಮಧ್ಯಾಹ್ನ

ಕೈಕೊಡಲಿಲ್ಲ! ಸರ್ ನಾನು ಕಾಣದ ಸ್ಕ್ಯಾನರ್ ಮೆಷಿನ್ ತಂದಿಟ್ಟರು. ಅದರ ನಂಬರ್ ಅವರಿಗೆ ಮಾತ್ರ ಗೊತ್ತು. ಅಳೆದೆ. "ಎಂಬತ್ನಾಲ್ಕು" ಅಂದೆ.

"ಎಂಬತ್ನಾಲ್ಕೇ! ಇವತ್ತಿಂದ ಈ ಟೇಬಲ್ ನಿಂದು. ಎಪ್ಪತ್ತು ದಾಟಿದ್ದನ್ನ ಪಾಸ್ ಅಂತ ಕೂಗು, ಪ್ಯಾಕಿಂಗ್ ಡಬ್ಬಕ್ಕೆ ಹೋಗತ್ತೆ."

ನನ್ನ ಟೇಬಲ್. ಎರಡು ಸಲ ಬರೆಯುತ್ತೇನೆ. ನನ್ನ ಟೇಬಲ್.

ಮೂರು ಗಂಟೆ

ನನ್ನ ಮೊದಲ ಮೆಷಿನ್ ಓಡುತ್ತಿದೆ. ನಿಂತೇ ಗೀಚುತ್ತಿದ್ದೇನೆ. ಬಾಗಿಲಲ್ಲಿ ಪ್ಯಾಕಿಂಗ್ ಮಂದಿ ಡಬ್ಬ ಹಿಡಿದು ನಿಂತಿದ್ದಾರೆ, ಎಲ್ಲರ ಮುಂದೆ ನಾದಿನಿ. "ಬೇಗ ಕೂಗಿ ಅತ್ತಿಗೆ, ಕೈ ನೋಯ್ತಿದೆ!"

ಜನ್ಮದಲ್ಲಿ ನಾನು ಜೋರಾಗಿ ಕೂಗಿದವಳಲ್ಲ. ಪರದೆ ಮೇಲೆ ನಂಬರ್ ಬಂತು. ೭... ೭೮! ಕೂಗಿಯೇಬಿಡುತ್ತೇನೆ, ಪಾ—