ಕ್ಯಾಲೆಂಡರ್ ಮೇಲೆ ಬರೆದ ನಂಬರ್

ಮಾರ್ಚ್ 3, ಬೆಳಿಗ್ಗೆ 8.20
ಇವತ್ತೂ ಅದೇ. ಆಸ್ಪತ್ರೆಯ ಸೈಟ್ ತೆರೆಯುತ್ತಿಲ್ಲ. ಅಕ್ಕನ ಡಯಾಲಿಸಿಸ್‌ಗೆ ನಾಳೆಯ ಸರದಿ ಹಿಡಿಯಬೇಕಾದರೆ ಒಂಬತ್ತರೊಳಗೆ ಅಲ್ಲೇ ಬಟನ್ ಒತ್ತಬೇಕು. ತಪ್ಪಿದರೆ ಯಂತ್ರ ಬೇರೆಯವರಿಗೆ. ಹಿಂದೆ ಕೌಂಟರಿನಲ್ಲಿ ನೀಲಿ ಬೈಂಡಿನ ರಿಜಿಸ್ಟರ್ ಇತ್ತು. ಹೆಸರು ಬರೆಸಿದರೆ ಮುಗಿಯಿತು. ‘ಇನ್ನು ಅಲೆದಾಟವಿಲ್ಲ’ ಎಂದು ಬೋರ್ಡು ಹಾಕಿ ಅದನ್ನು ಎತ್ತಿಟ್ಟರು. ಬೋರ್ಡು ಈಗಲೂ ಇದೆ.
8.52ಕ್ಕೆ ತೆರೆಯಿತು. ಸಿಕ್ಕಿತು.

ಮಾರ್ಚ್ 5
ಅಕ್ಕನ ಸೊಸೆ ನೆಟ್‌ವರ್ಕ್ ಕೆಲಸದವಳು. ನೋಡಿ ಹೇಳಿದಳು. “ಸೈಟ್ ಚೆನ್ನಾಗೇ ಇದೆ ಮಾವ. ಸೈಟಿನ ಹೆಸರು ಕೊಟ್ರೆ ಅದರ ನಂಬರ್ ಹುಡುಕಿಕೊಡೋ ಸರ್ವರ್ ಇರತ್ತಲ್ಲ, ಅದು ಬೀಳ್ತಿದೆ. ಯಾರೋ ಬೇಕಂತಲೇ ಒಂದು ಸೊಟ್ಟ ಪ್ರಶ್ನೆ ಕಳಿಸ್ತಾರೆ, ಅಲ್ಲೇ ಕುಸಿಯತ್ತೆ.”
“ಒಂದು ಬಿದ್ರೆ ಇನ್ನೊಂದಿರಲಿ ಅಂತ ಎರಡು ಸರ್ವರ್ ಇಟ್ಟಿದೀವಿ ಅಂತ ಪೇಪರಲ್ಲಿ ಹಾಕಿಸಿದ್ರಲ್ಲ?”
“ಎರಡರಲ್ಲೂ ಅದೇ ಹಳೇ ಸಾಫ್ಟ್‌ವೇರ್. ಒಂದೇ ಪ್ರಶ್ನೆಗೆ ಎರಡೂ ಸಾಯತ್ತೆ. ಸರಿಪಡಿಸಿದ ಹೊಸದು ಬಂದು ಎಂಟು ತಿಂಗಳಾಯ್ತು. ಹಾಕಿಲ್ಲ.”
ಸೈಟಿನ ನಂಬರನ್ನೇ ಕ್ಯಾಲೆಂಡರ್ ಮೇಲೆ ಬರೆದುಕೊಟ್ಟಳು. ಹೆಸರಿನ ಬದಲು ಅದನ್ನು ಹೊಡೆದರಾಯಿತಂತೆ.

ಮಾರ್ಚ್ 12
ನಂಬರಿನಿಂದ ಎರಡು ಸಲ ಸಲೀಸಾಗಿ ಸಿಕ್ಕಿತು. ಅಕ್ಕ ನಕ್ಕಳು. “ಅಷ್ಟೊಂದು ಓದಿದ್ದು ಇದಕ್ಕಾದ್ರೂ ಬಂತಲ್ಲೋ.”
ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ಅಧಿಕಾರಿಗೆ ಫೋನ್ ಮಾಡಿದೆ. “ಬಿದ್ರೂ ತಾನಾಗೇ ಏಳತ್ತೆ ಸಾರ್. ನಮ್ಮ ಸ್ಕ್ರೀನಲ್ಲಿ ಎಲ್ಲ ಹಸಿರು.”
ಐದು ಪುಟದ ಪತ್ರ ಬರೆದು ಹಾಕಿದೆ. ಹನ್ನೊಂದು ಸಲ ಬಿದ್ದದ್ದು, ತಾರೀಖು ಸಮೇತ. ಕೊನೆಗೆ — ನಿಮ್ಮ ಸರ್ವರ್ ಮಲಗಿದ್ದಾಗಲೂ ನಾನು ಬರೀ ನಂಬರ್ ಹೊಡೆದು ಒಳಗೆ ಬರುತ್ತೇನೆ, ನಿಮಗೇಕೆ ಎಚ್ಚರವಾಗುವುದಿಲ್ಲ? ಆ ಸಾಲು ಚೆನ್ನಾಗಿ ಬಂತು.

ಮಾರ್ಚ್ 19
ಉತ್ತರ ಬಂದಿದೆ. ಒಂದೇ ವಾರಕ್ಕೆ. ‘ನಂಬರ್ ಮೂಲಕ ನೇರ ಪ್ರವೇಶವನ್ನು ಸುರಕ್ಷತೆಯ ದೃಷ್ಟಿಯಿಂದ ಮುಚ್ಚಲಾಗಿದೆ. ಗಮನಕ್ಕೆ ತಂದಿದ್ದಕ್ಕೆ ವಂದನೆಗಳು.’ ಹಳೆಯ ಸಾಫ್ಟ್‌ವೇರ್ ಬಗ್ಗೆ ಒಂದಕ್ಷರವಿಲ್ಲ.
ಸೊಸೆ ಓದಿ ಕಾಗದ ಮಡಿಸಿಟ್ಟಳು. “ಅದನ್ಯಾಕೆ ಬರೆದ್ರಿ ಮಾವ?” ಅಷ್ಟೇ.

ಮಾರ್ಚ್ 21
9.10ಕ್ಕೆ ತೆರೆಯಿತು. ಸರದಿ ಹೋಗಿತ್ತು. ಕೌಂಟರಿಗೆ ಓಡಿದೆ. “ಆನ್‌ಲೈನ್ ಮಾಡ್ಕೊಂಡು ಬನ್ನಿ.”

ಮಾರ್ಚ್ 23, ಬೆಳಿಗ್ಗೆ 8.40
ನಿನ್ನೆಯೂ ಸಿಗಲಿಲ್ಲ. ಅಕ್ಕನ ಕಾಲು ಊದಿದೆ. ಒತ್ತಿದರೆ ಬೆರಳಿನ ಗುಳಿ ಹಾಗೇ ನಿಲ್ಲುತ್ತದೆ. ಮಲಗಿದರೆ ಉಸಿರು ಕಟ್ಟುತ್ತದೆ, ಕುರ್ಚಿಯಲ್ಲೇ ಕೂತಿದ್ದಾಳೆ. ಸೊಸೆ ಆಂಬುಲೆನ್ಸ್ ಕರೆದಿದ್ದಾಳೆ. ಹೋದರೂ ಯಂತ್ರ ಖಾಲಿ ಇರಬೇಕಲ್ಲ.
“ಆ ನಂಬರ್ ಹೊಡೆಯೋ,” ಎನ್ನುತ್ತಾಳೆ ಅಕ್ಕ. ಅದನ್ನು ಮುಚ್ಚಿಸಿದ್ದು ನಾನೇ ಎಂದು ಸೊಸೆ ಅವಳಿಗೆ ಹೇಳಿಲ್ಲ. ಹೊಡೆದ ಹಾಗೆ ಮಾಡುತ್ತಿದ್ದೇನೆ.
8.56. ಸೈಟ್ ಇನ್ನೂ ತೆರೆದಿಲ್ಲ. “ಸಿಕ್ತೇನೋ?”
ಸಿಕ್ಕಿತು ಎಂದೆ. ಒಂಬತ್ತಕ್ಕೆ ಇನ್ನೂ ನಾಲ್ಕು ನಿಮಿಷ —