ಹೊಸ ಮಶೀನ್ ತರತೀನಿ ಅಂದೆ

ಶುಕ್ರವಾರ, ೧೭ ಜನವರಿ. ಸಮಡೋಳಿ.

ಟಿವಿಗೂ ಹಚ್ಚಾಕ ಬರೂ, ಕೈಯಾಗೂ ಹಿಡದ ಆಡಾಕ ಬರೂ ಹೊಸ ಗೇಮ್ ಮಶೀನ್ ಜಾಹೀರಾಗೇತಿ. ತಮ್ಮ ಸನ್ಮತಿ ಇವತ್ತ ಮಿರಜಿನ್ಯಾಗ ಡಯಾಲಿಸಿಸ್‌ಗೆ ಮಲಗಿದ್ದಾಗ ಇಬ್ಬರೂ ಫೋನಿನ್ಯಾಗ ಅದರ ವಿಡಿಯೋ ನೋಡಿದ್ವಿ. ನನಗ ಸೇರಲಿಲ್ಲ. ಹಳೇದನ್ನ ಉಬ್ಬಿಸಿದಂಗ ಐತಿ. ಸೂಜಿ ಚುಚ್ಚಿದ ಅವನ ಎಡಗೈ ನಾಕ ತಾಸು ಅಳ್ಳಾಡಸೂಹಂಗಿಲ್ಲ. ಹಳೇ ಮಶೀನ್ ಹೊಟ್ಟಿ ಮ್ಯಾಲೆ ನಿಂದ್ರಿಸಿ, ಒಂದ ಕಂಟ್ರೋಲರ್ ಬಿಚ್ಚಿ ಬಲಗೈಲೆ ಆಡತಾನ. ಇಷ್ಟ ದೊಡ್ಡದನ್ನ ಹೊಟ್ಟಿ ಮ್ಯಾಲೆ ಹೆಂಗ ತಾಳ್ತಾನ?

"ಈ ವರ್ಷ ಬರತೈತಿ ಅಂತ ಅಷ್ಟ ಅಂದಾರ ದಾದಾ, ತಿಂಗಳ ಹೇಳಿಲ್ಲ," ಅಂದ.

"ಬಂದ ದಿನಾನ ತರತೀನಿ," ಅಂದೆ. ಅಂವ ಮತ್ತೊಮ್ಮೆ ವಿಡಿಯೋ ಹಚ್ಚಂದ.

ಅವಗ ಆರಾಮ ಆಗೂತನಕ ಅಂತ ಅವ್ವ ಬಸದಿಯೊಳಗ ನಿಯಮ ತಗೊಂಡು ಬೆಲ್ಲ ಬಿಟ್ಟಾಳ. ಅಪ್ಪ ಚಹಾ ಬಿಟ್ಟಾರ. ನೀ ಏನ ಬಿಡ್ತಿ ಅಂತ ಅವ್ವ ಕೇಳಿದಾಗ ನಾ ಗೇಮ್ ಅಂದೆ. ಆಡಾಕ ನನಗ ಹೆಂಗೂ ವ್ಯಾಳ್ಯಾ ಇರಲಿಲ್ಲ. ಅವ್ವ ಪಾಪ, ನನ್ನ ತಲಿ ಮ್ಯಾಲೆ ಕೈ ಇಟ್ಟಳು.

ಅವ್ವ ಅಪ್ಪನ ಕಿಡ್ನಿ ಅವಗ ಹೊಂದಲಿಲ್ಲ. ನಂದು ಹೊಂದತೈತಿ. ಸೋಮವಾರನ ರಿಪೋರ್ಟ್ ಬಂದೈತಿ. ಮನ್ಯಾಗ "ಇನ್ನೂ ಬಂದಿಲ್ಲ" ಅಂದೇನಿ. ಈ ವಹಿಯೊಳಗನ ಮಡಚಿ ಇಟ್ಟೇನಿ.

ಮಶೀನ್ ತರತೀನಿ ಅನ್ನಾಕ ಬಾಯಿ ಎಷ್ಟ ಸಲೀಸ ಬಂತು.

ನಾಳೆ ಹೇಳತೀನಿ. ಸೋಮವಾರದಿಂದ ಹಿಂದಿನ ನಾಕೂ ಪುಟದಾಗ ಇದೇ ಮಾತ ಬರದೇನಿ.